ಸೂತಿಕೆಯ ಮನಸ್ಸೂ ನಮ್ಮ ಸಾಹಿತ್ಯವೂ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳು ಇರತಕ್ಕದ್ದೆಂದು ಆಲಂಕಾರಿಕರು ವಿಧಿಸಿರುವುದು ವಾಚಕರಿಗೆ ತಿಳಿದೇ ಇದೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಮುಂತಾದವುಗಳ ಸಾಲಿನಲ್ಲಿ ದಂಡಿಯು ಕುಮಾರೋದಯವನ್ನೂ ಸೇರಿಸಿದ್ದಾನೆ. ಶಬ್ದವನ್ನು ಗಮನಿಸಬೇಕು. ಉದಯಿಸುವವನು ಕುಮಾರ. ಚಂದ್ರನು ಬೆಟ್ಟದ ಹಿಂದಿನಿಂದ ಮೂಡುವಂತೆ ಅವನು ಮೂಡುತ್ತಾನೆ; ವಾದ್ಯಗಳು ಮೊಳಗುತ್ತವೆ, ದಾನಗಳು ನಡೆಯುತ್ತವೆ, ಜಾತಕರ್ಮವಾಗುತ್ತದೆ. ಹೆತ್ತವಳು ಹೇಗಿದ್ದಾಳೆ, ಆ ರಾತ್ರಿ ಅವಳಿಗೆ ನಿದ್ದೆ ಬಂತೆ ಎಂದು ಕೇಳುವವರು ಆ ಸರ್ಗದಲ್ಲಿ ಯಾರೂ ಇಲ್ಲ. ರಘುವಂಶದ ಮೂರನೆಯ ಸರ್ಗದಲ್ಲಿ ಕಾಳಿದಾಸನು ಸೂತಿಕಾಗೃಹದ ಒಳಕ್ಕೇ ಹೋಗುತ್ತಾನೆ. ಹೋದವನ ಕಣ್ಣಿಗೆ ಬಿದ್ದದ್ದು ಶಿಶುವಿನ ತೇಜಸ್ಸಿನ ಮುಂದೆ ಮಂಕಾದ ದೀಪಗಳು. ಹಾಸಿಗೆಯ ಮೇಲಿದ್ದ ಸುದಕ್ಷಿಣೆಯ ಕಡೆ ಅವನ ದೃಷ್ಟಿ ಹೊರಳಲಿಲ್ಲ.

ಇದನ್ನು ಮಹಾಕವಿಯ ಮೇಲಿನ ದೂಷಣೆಯೆಂದು ಯಾರೂ ಭಾವಿಸಬಾರದು. ಅದೇ ಸರ್ಗದಲ್ಲಿ ಗರ್ಭಿಣಿಯಾದ ಸುದಕ್ಷಿಣೆಯನ್ನು ಅವನು ಎಷ್ಟು ಅಕ್ಕರೆಯಿಂದ ನೋಡಿದ್ದಾನೆಂಬುದು ಓದಿದವರಿಗೆ ಗೊತ್ತು. ಅವಳು ಮಣ್ಣು ತಿನ್ನುತ್ತಾಳೆ. ಆ ಮಣ್ಣಿನ ಕಂಪಿಗೆ ರಾಜನು ಮನಸೋಲುತ್ತಾನೆ. ಏನು ಬೇಕೆಂದು ಸಖಿಯರನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಹೆರುವ ತನಕ ಕವಿಯ ಗಮನವೆಲ್ಲ ಅವಳ ಮೇಲೆ. ಹೆತ್ತ ಮರುಕ್ಷಣದಿಂದ ಮಗುವಿನ ಮೇಲೆ. ನಮ್ಮ ಕಾವ್ಯದಲ್ಲಿಯೂ, ಜಾನಪದದಲ್ಲಿಯೂ, ನಮ್ಮ ಮನೆಗಳಲ್ಲಿಯೂ ಒಂದೇ ಸಮನಾಗಿ ಕಾಣುವ ಈ ದೃಷ್ಟಿಪಲ್ಲಟವೇ ಈ ಲೇಖನದ ವಿಷಯ. ಇದನ್ನು ಮುರಿದು ನಿಂತ ಕನ್ನಡ ಕಾದಂಬರಿಯೊಂದನ್ನು, ಶ್ರೀಮತಿ ತ್ರಿವೇಣಿಯವರ ‘ಶರಪಂಜರ’ವನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ನನ್ನ ಉದ್ದೇಶ. ಅಲ್ಲಿಗೆ ಹೋಗುವ ಮೊದಲು ಹಿಂದಿನದನ್ನು ಸ್ವಲ್ಪ ನೋಡಿಕೊಳ್ಳಬೇಕಾಗಿದೆ.

ಬಸುರಿಯ ಬಯಕೆಗೆ ಸಂಸ್ಕೃತದಲ್ಲಿ ದೋಹದವೆಂದು ಹೆಸರು. ವೈದ್ಯಗ್ರಂಥಗಳು ಅದನ್ನು ಎರಡು ಹೃದಯಗಳ ವಿಚಾರವಾಗಿ ಹೇಳುತ್ತವೆ. ಮೂರನೆಯ ತಿಂಗಳೆಂದು ಚರಕನೂ ನಾಲ್ಕನೆಯದೆಂದು ಸುಶ್ರುತನೂ ಹೇಳುವ ಕಾಲದಲ್ಲಿ ಗರ್ಭದ ಹೃದಯವೂ ತಾಯಿಯ ಹೃದಯವೂ ಕೂಡಿ ಅವಳು ಇಬ್ಬಾಳಾಗುತ್ತಾಳೆ. ಅವಳ ಇಚ್ಛೆಯನ್ನು ಮೀರಿದರೆ ಗರ್ಭಕ್ಕೆ ಕೇಡು. ತುಂಬಿದ ಎಣ್ಣೆಯ ಪಾತ್ರೆಯನ್ನು ಅಲುಗಿಸದೆ ಒಯ್ಯುವಂತೆ ಗರ್ಭಿಣಿಯನ್ನು ನೋಡಿಕೊಳ್ಳಬೇಕೆಂದು ಚರಕನ ಮಾತು. ಭಯ, ಶೋಕ, ಕ್ರೋಧಗಳಿಂದ ಅವಳನ್ನು ದೂರವಿರಿಸಬೇಕೆಂಬುದನ್ನೂ ಅವರು ಮರೆಯಲಿಲ್ಲ. ಹೆತ್ತ ಮೇಲೆ ಅವಳ ಧಾತುಗಳು ಸಡಿಲವಾಗಿ, ರಕ್ತವು ಹೋಗಿ, ದೇಹವು ಬರಿದಾಗಿರುವುದರಿಂದ ಆಗ ಬಂದ ವ್ಯಾಧಿ ಕಷ್ಟಸಾಧ್ಯವೆಂದೂ ಎಚ್ಚರಿಸಿದ್ದಾರೆ. ಇಷ್ಟು ತಿಳಿದವರ ನಾಡು ನಮ್ಮದು. ಆದರೂ ದೋಹದದ ತರ್ಕವನ್ನು ಬಿಡಿಸಿ ನೋಡಿದರೆ, ಬಯಕೆಯನ್ನು ತೀರಿಸುವುದು ಬಹುಮಟ್ಟಿಗೆ ಗರ್ಭದ ಸಲುವಾಗಿ. ಗರ್ಭವು ಹೊರಗೆ ಬಂದೊಡನೆ ಎರಡನೆಯ ಹೃದಯವೂ ಹೊರಟುಹೋಯಿತು. ಉಳಿದ ಒಂದು ಹೃದಯವು ಏನು ಬಯಸಿತು, ಏತಕ್ಕೆ ಹೆದರಿತು ಎಂದು ಕೇಳುವ ವಿಧಿ ತಪ್ಪಿತು.

ಎಲ್ಲರೂ ಹೀಗೆಯೇ ಎಂದು ಹೇಳಿದರೆ ಅನ್ಯಾಯವಾದೀತು. ಇಬ್ಬರನ್ನಾದರೂ ಬಿಟ್ಟು ಹೇಳಬೇಕು.

ಸೀತಾಪರಿತ್ಯಾಗವನ್ನು ಕನ್ನಡಿಗರು ಲಕ್ಷ್ಮೀಶನಲ್ಲಿ ಓದಿ ಅತ್ತವರು. ನಾವೂ ಹುಡುಗರಾಗಿದ್ದಾಗ ಜೈಮಿನಿ ಭಾರತದ ಆ ಭಾಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಕಣ್ಣೊರಸಿಕೊಂಡವರೇ. ಆ ಕರುಣರಸವನ್ನು ಸದ್ಯಕ್ಕೆ ಒತ್ತಟ್ಟಿಗಿಟ್ಟು, ಸಂಸ್ಕೃತದ ಇಬ್ಬರು ಮಹಾಕವಿಗಳು ತುಂಬಿದ ಬಸುರಿಯಾದ ಸೀತೆಯ ಮನಸ್ಸನ್ನು ಹೇಗೆ ತಿಳಿದರೆಂಬುದನ್ನು ಹೋಲಿಸಿ ನೋಡಿರಿ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ರಾಮನು ಅವಳ ಬಯಕೆಯನ್ನು ಕೇಳುತ್ತಾನೆ. ಗಂಗಾತೀರದ ತಪೋವನಗಳನ್ನು ಮತ್ತೆ ನೋಡಬೇಕೆಂದು ಅವಳು ಹೇಳುತ್ತಾಳೆ. ಆ ಬಯಕೆಯೇ ಅವಳನ್ನು ಕಾಡಿಗೆ ಕಳುಹಿಸಲು ನೆಪವಾಗುತ್ತದೆ. ದೋಹದವನ್ನು ತೀರಿಸುವ ಆಚಾರವು ಇಷ್ಟು ಕ್ರೂರವಾಗಿ ಬಳಕೆಯಾದದ್ದು ಬೇರೆಲ್ಲಿಯೂ ಇಲ್ಲವೆನ್ನಬೇಕು. ಅಲ್ಲಿ ಸೀತೆಯು ಲಕ್ಷ್ಮಣನ ಮೂಲಕ ಕಳುಹಿಸುವ ಮಾತಿನಲ್ಲಿ, ಒಡಲಿನಲ್ಲಿ ನಿನ್ನ ತೇಜಸ್ಸು ಅಡ್ಡಿಯಾಗಿರದಿದ್ದರೆ ಈ ಹಾಳು ಜೀವವನ್ನು ನಾನು ಉಪೇಕ್ಷಿಸಿಬಿಡುತ್ತಿದ್ದೆ ಎಂಬ ಭಾವವಿದೆ. ಹೊಟ್ಟೆಯಲ್ಲಿರುವ ಮಗುವು ತಾಯಿಯನ್ನು ಸಾವಿನಿಂದ ತಡೆಯುತ್ತದೆಂಬುದು ಕಾಳಿದಾಸನ ನಂಬಿಕೆ. ಲೋಕದ ನಂಬಿಕೆಯೂ ಅದೇ.

ಭವಭೂತಿಯು ಈ ನಂಬಿಕೆಯನ್ನು ಒಪ್ಪಲಿಲ್ಲ. ಉತ್ತರರಾಮಚರಿತದ ಮೂರನೆಯ ಅಂಕದ ಮೊದಲಲ್ಲಿ ತಮಸಾ ಮುರಲಾ ಎಂಬ ಎರಡು ನದಿಗಳು ಮಾತನಾಡಿಕೊಳ್ಳುತ್ತವೆ. ಲಕ್ಷ್ಮಣನು ಹಿಂದಿರುಗಿದ ಮೇಲೆ ಸೀತೆಗೆ ಹೆರಿಗೆನೋವು ಬಂದಿತೆಂದೂ, ದುಃಖದ ವೇಗವನ್ನು ತಾಳಲಾರದೆ ಅವಳು ತನ್ನನ್ನು ಗಂಗೆಯ ಪ್ರವಾಹಕ್ಕೆ ಒಪ್ಪಿಸಿಕೊಂಡಳೆಂದೂ, ಅಲ್ಲಿಯೇ ಎರಡು ಮಕ್ಕಳನ್ನು ಹೆತ್ತಳೆಂದೂ ತಮಸೆ ಹೇಳುತ್ತಾಳೆ. ಏಳನೆಯ ಅಂಕದ ಒಳನಾಟಕದಲ್ಲಿ ಅದನ್ನೇ ರಾಮನ ಕಣ್ಣೆದುರಿಗೆ ಮತ್ತೆ ತರಲಾಗುತ್ತದೆ. ಟೀಕಾಕಾರರು ಈ ಸ್ಥಳವನ್ನು ಕರುಣಕ್ಕೆ ಉದಾಹರಣೆಯೆಂದು ಹೇಳಿ ಮುಂದೆ ಹೋಗುತ್ತಾರೆ. ನನಗಾದರೋ ಇದು ಕರುಣಕ್ಕಿಂತ ಹೆಚ್ಚಾಗಿ ಸತ್ಯದ ಸ್ಥಳವೆಂದು ತೋರುತ್ತದೆ. ಹೆರಿಗೆಯ ಹೊತ್ತಿನಲ್ಲಿಯೇ, ಮಗುವು ಒಡಲಲ್ಲಿರುವಾಗಲೇ, ಸತಿಯರಲ್ಲಿ ಮೊದಲನೆಯವಳೆನಿಸಿದ ಸೀತೆಗೇ ನೀರಿಗೆ ಬೀಳುವ ಮನಸ್ಸಾಯಿತೆಂದು ಬರೆಯಲು ಎಂಟನೆಯ ಶತಮಾನದ ಆಸುಪಾಸಿನ ಆ ಪಂಡಿತನಿಗೆ ಧೈರ್ಯವಿತ್ತು. ಬ್ರಿಟನ್ನಿನ ತಾಯಂದಿರ ಮರಣವಿಚಾರಣೆಗಳನ್ನು ಬಲ್ಲವರಿಗೆ ತಿಳಿದಂತೆ, ಹೆರಿಗೆಯಾದ ಆರು ವಾರಗಳಿಂದ ಒಂದು ವರ್ಷದೊಳಗೆ ಅಲ್ಲಿ ಸಾಯುವ ತಾಯಂದಿರ ನೇರ ಕಾರಣಗಳಲ್ಲಿ ಆತ್ಮಹತ್ಯೆಯೇ ಮುಂದಿದೆ. ಮಗುವು ತಡೆಯುತ್ತದೆಂಬ ನಂಬಿಕೆಯ ಮೇಲೆ ಭಾರ ಹಾಕಿ ಮನೆಯವರು ನಿಶ್ಚಿಂತರಾಗಿರಲಾಗದು.

ಎರಡನೆಯ ಅಪವಾದವು ಜೈನಾಗಮದ ಚೇಲ್ಲಣೆಯ ಕಥೆ. ಶ್ರೇಣಿಕನ ರಾಣಿಯಾದ ಆಕೆಗೆ ಬಸುರಿನಲ್ಲಿ ಗಂಡನ ಮಾಂಸವನ್ನೇ ತಿನ್ನಬೇಕೆಂಬ ಘೋರವಾದ ಬಯಕೆ ಹುಟ್ಟುತ್ತದೆ. ಹೇಳಿಕೊಳ್ಳಲಾರಳು, ಸೊರಗುತ್ತಾಳೆ, ಕೇಳಿದರೆ ಮೌನ. ಕೊನೆಗೆ ಉಪಾಯದಿಂದ ಬಯಕೆ ತೀರಿದರೂ ತನ್ನ ಒಡಲಿನಲ್ಲಿರುವುದರ ಮೇಲೆಯೇ ಅವಳಿಗೆ ಭೀತಿ. ಗರ್ಭವನ್ನು ಕಳೆಯಲು ಪ್ರಯತ್ನಿಸುತ್ತಾಳೆ, ಆಗುವುದಿಲ್ಲ. ಹೆತ್ತ ಮಗುವನ್ನು ತಿಪ್ಪೆಗೆ ಹಾಕಿಸುತ್ತಾಳೆ. ರಾಜನು ಎತ್ತಿತಂದು ಸಾಕಿಸುತ್ತಾನೆ. ಆ ಮಗುವೇ ಕೂಣಿಕ. ಮುಂದೆ ತಂದೆಯನ್ನು ಸೆರೆಗೆ ಹಾಕುವ ಮಗನ ಅಪಶಕುನವೆಂದು ಆಗಮಕಾರರು ಇದನ್ನು ಹೇಳಿದ್ದಾರೆ, ಅದಿರಲಿ. ಕಥೆ ಹೇಳಿದವನು ತಿಳಿದೋ ತಿಳಿಯದೆಯೋ ಒಂದು ನಿಜವನ್ನು ಹಿಡಿದಿದ್ದಾನೆ: ತಾನು ಒಲ್ಲದ ಭಯಂಕರವಾದ ಯೋಚನೆಯು ಬಸುರಿಯ ಅಥವಾ ಬಾಣಂತಿಯ ಮನಸ್ಸಿಗೆ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ, ಅವಳು ಅದರಿಂದ ತಾನೇ ನಡುಗುತ್ತಾಳೆ, ನಾಚಿಕೆಯಿಂದ ಬಚ್ಚಿಡುತ್ತಾಳೆ. ಮಗುವನ್ನು ಕೈಯಿಂದ ಬೀಳಿಸಿಬಿಡುತ್ತೇನೋ, ನೀರಿನಲ್ಲಿ ಮುಳುಗಿಸಿಬಿಡುತ್ತೇನೋ ಎಂಬ ಇಂಥ ಯೋಚನೆಗಳು ಅನೇಕ ತಾಯಂದಿರಿಗೆ ಬರುತ್ತವೆಂದು ಮನೋವೈದ್ಯರು ಹೇಳುತ್ತಾರೆ. ಬಂದದ್ದಕ್ಕೆ ಹೆದರಿ ತಲ್ಲಣಿಸುವ ತಾಯಿಯು ಸಾಮಾನ್ಯವಾಗಿ ಮಗುವಿಗೆ ಕೇಡು ಮಾಡುವವಳಲ್ಲವೆಂದೂ ಅವರ ಮಾತು. ಚೇಲ್ಲಣೆಗೆ ಇದನ್ನು ಹೇಳುವವರು ಇರಲಿಲ್ಲ.

ಇನ್ನು ಗ್ರಂಥಗಳನ್ನು ಬಿಟ್ಟು ನಮ್ಮ ಮನೆಗಳಿಗೆ ಬರೋಣ. ಪಾವಗಡದ ಈ ಗಡಿಯಲ್ಲಿ, ನಮ್ಮ ತಿರುಮಣಿಯಂಥ ಊರುಗಳಲ್ಲಿ, ಅರ್ಧ ಮನೆಗಳು ಕನ್ನಡದಲ್ಲಿ ಹೆರುತ್ತವೆ, ಅರ್ಧ ತೆಲುಗಿನಲ್ಲಿ. ಚೊಚ್ಚಲಿಗೆ ತವರೆಂಬ ಪದ್ಧತಿಯಿಂದ ಹೆಣ್ಣುಮಕ್ಕಳು ಮಡಕಶಿರಾ, ಹಿಂದೂಪುರಗಳ ಕಡೆಗೂ ಅಲ್ಲಿಂದ ಈಚೆಗೂ ಹೋಗುತ್ತ ಬರುತ್ತ ಇರುತ್ತಾರೆ. ಅವರ ‘ಬಾಲಿಂತ’ ನಮ್ಮ ‘ಬಾಣಂತಿ’. ‘ಪುರುಡು’ ಎಂಬ ಶಬ್ದ ಮಾತ್ರ ಎರಡು ಭಾಷೆಗಳಿಗೂ ಸಮಾನ. ಹೆರಿಗೆಗೂ ಅದರ ಮೈಲಿಗೆಗೂ ಸೇರಿದ ಮಾತು ಅದು. ಎರಡನ್ನೂ ಒಂದರಲ್ಲೇ ಕಟ್ಟಿಟ್ಟಿದೆ. ‘ಹಸಿ ಬಾಣಂತಿ’ ಎನ್ನುತ್ತೇವೆ. ಹಸಿ ಮೈಯೆಂದು ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ. ಗಾಳಿ ಬೆಳಕು ಬರಬಾರದೆಂದು ಮುಚ್ಚಿದ ಕಿಟಕಿ. ಮೈಯ ಹಸಿತನಕ್ಕೆ ಇಷ್ಟು ಉಪಚಾರವುಂಟು. ಮನಸ್ಸೂ ಹಸಿಯಾಗಿರುತ್ತದೆಂದು ಹೇಳುವ ಮಾತು ನಮ್ಮ ನುಡಿಯಲ್ಲಿ ನನಗೆ ಸಿಕ್ಕಿಲ್ಲ.

ಸಿಕ್ಕಿರುವುದು ‘ಬಾಣಂತಿ ಸನ್ನಿ’ ಎಂಬುದೊಂದೇ. ಸನ್ನಿಪಾತದ ತದ್ಭವ ಅದು; ಮೂರು ದೋಷಗಳೂ ಒಟ್ಟಿಗೆ ಕೆರಳಿದ್ದು. ಹಿಂದಿನ ಕಾಲದ ಕೂಡುಕುಟುಂಬಗಳಲ್ಲಿ ಬಾಣಂತಿಯರಿಗೆ ಮನೋರೋಗ ಬರುತ್ತಿರಲಿಲ್ಲ, ಇದೆಲ್ಲ ಪೇಟೆಯ ಹೊಸ ಕಾಯಿಲೆ ಎಂದು ಸಂಘದ ಗೋಷ್ಠಿಯಲ್ಲಿ ಹಿರಿಯ ಮಿತ್ರರೊಬ್ಬರು ವಾದಿಸಿದರು. ಬಾರದ ಕಾಯಿಲೆಗೆ ಅಜ್ಜಿಯರು ಹೆಸರಿಟ್ಟದ್ದು ಹೇಗೆ? ಆದರೆ ಈ ಹೆಸರು ಹಲವು ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬಿದೆಯೆಂಬುದನ್ನು ಒಪ್ಪಬೇಕು. ಬಾಣಂತಿ ನಂಜಿನ ಜ್ವರದಲ್ಲಿ ಬಡಬಡಿಸುವುದೂ ಸನ್ನಿಯೇ; ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತಲೆನೋವು, ಫಿಟ್ಸು ಬಂದು ಮಾತು ತಪ್ಪುವುದೂ ಸನ್ನಿಯೇ. ಈ ಎರಡನೆಯದು ನಮ್ಮ ದೇಶದ ಬಾಣಂತಿಯರಲ್ಲಿ ಕಂಡುಬರುತ್ತದೆಂದೂ, ಬಾಣಂತಿಗೆ ನೀರು ಕೊಡಬಾರದೆಂಬ ನಮ್ಮ ಪಥ್ಯವು ಅದರ ಕಾರಣಗಳಲ್ಲಿ ಒಂದಿರಬಹುದೆಂದೂ ನರವೈದ್ಯರು ಹೇಳುತ್ತಾರೆ. ಇವು ಯಾವುವೂ ಅಲ್ಲದೆ, ಜ್ವರವಿಲ್ಲದೆ, ನಾಲ್ಕಾರು ರಾತ್ರಿ ನಿದ್ದೆಗೆಟ್ಟು ಮಗು ತನ್ನದಲ್ಲವೆನ್ನುವ, ಯಾರೋ ಬಂದರೆನ್ನುವ ಶುದ್ಧವಾದ ಉನ್ಮಾದ ಒಂದುಂಟು. ಮೂರಕ್ಕೂ ನಮ್ಮಲ್ಲಿ ಒಂದೇ ಚಿಕಿತ್ಸೆ: ಬಾಗಿಲಿಗೆ ಬೇವಿನ ಸೊಪ್ಪು, ದಿಂಬಿನ ಕೆಳಗೆ ಕುಡುಗೋಲು, ಕೊನೆಗೆ ಮಂತ್ರವಾದಿ.

ಕೋಣೆಯೂ ಇಲ್ಲದವರ ಸ್ಥಿತಿ ಇನ್ನೂ ಬೇರೆ. ಸಿರಾ, ಮಧುಗಿರಿ, ಪಾವಗಡದ ಸುತ್ತಿನ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಮಗುವಿನೊಡನೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡುವ ಪದ್ಧತಿ ಇತ್ತು. ಕೆಲವೆಡೆ ಇನ್ನೂ ಅಳಿದಿಲ್ಲ. 2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆ ಚಳಿಯಲ್ಲಿ ಹೊರಗಿದ್ದ ಎಳೆಗೂಸೊಂದು ತೀರಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತು. ಅಧಿಕಾರಿಗಳು ಬಂದರು. ಆ ಜನಾಂಗದ ವಿದ್ಯಾವಂತ ತರುಣರೇ ಈ ಪದ್ಧತಿಯ ವಿರುದ್ಧ ಮಾತನಾಡುತ್ತಿರುವುದು ಸಂತೋಷ. ಆದರೆ ಆ ದಿನಗಳಲ್ಲಿ ಓದಿದ ವರದಿಗಳನ್ನು ನೆನೆದುಕೊಂಡರೆ ಮಗುವಿನ ವಿಷಯ, ಮೌಢ್ಯದ ವಿಷಯ, ಕಾನೂನಿನ ವಿಷಯ ನೆನಪಿಗೆ ಬರುತ್ತವೆ. ಹೊರಗಿನ ಗುಡಿಸಲಿನಲ್ಲಿ ಆ ರಾತ್ರಿಗಳನ್ನು ಕಳೆದ ಹೆಣ್ಣಿನ ಮನಸ್ಸು ಏನಾಗಿರಬೇಕೆಂಬ ವಿಚಾರ ಬರುವುದಿಲ್ಲ. ಸುದಕ್ಷಿಣೆಯ ದೀಪಗಳ ಕಥೆಯೇ ಇದೂ ಆಯಿತು.

ಈಗ ಕಾದಂಬರಿಗೆ ಬರುತ್ತೇನೆ. ತ್ರಿವೇಣಿಯೆಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. 1928ರಲ್ಲಿ ಹುಟ್ಟಿದವರು, ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಮನೆತನಕ್ಕೆ ಸೇರಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು. ಕೊನೆಯದನ್ನು ಜ್ಞಾಪಕದಲ್ಲಿಡಬೇಕು. ಅವರ ಕಾಲದ ಕಾದಂಬರಿಗಳಲ್ಲಿ ಹುಚ್ಚು ಬಂದರೆ ಅದು ಕಥೆಯ ತಿರುವಿಗಾಗಿಯೋ, ಪಾಪದ ಫಲವಾಗಿಯೋ, ಪ್ರೇಮಭಂಗದ ಅಲಂಕಾರವಾಗಿಯೋ ಬರುತ್ತಿತ್ತು. ತ್ರಿವೇಣಿಯವರಲ್ಲಿ ಅದು ಕಾಯಿಲೆಯಾಗಿ ಬಂತು: ಬರುವ, ಚಿಕಿತ್ಸೆಗೆ ಬಗ್ಗುವ, ಗುಣವಾಗುವ ಕಾಯಿಲೆ.

‘ಶರಪಂಜರ’ದ ಕಾವೇರಿ ಒಳ್ಳೆಯ ಮನೆಯ ಸೊಸೆ. ಪ್ರೀತಿಸುವ ಗಂಡ, ಸುಖದ ಸಂಸಾರ. ಹೆರಿಗೆಯ ನಂತರ ಅವಳ ಚಿತ್ತ ಕೆಡುತ್ತದೆ. ಆಸ್ಪತ್ರೆಗೆ ಹೋಗುತ್ತಾಳೆ, ಗುಣ ಹೊಂದುತ್ತಾಳೆ, ಮನೆಗೆ ಹಿಂದಿರುಗುತ್ತಾಳೆ. ಸಾಮಾನ್ಯ ಲೇಖಕನು ಇಲ್ಲಿ ಮಂಗಳ ಹಾಡುತ್ತಿದ್ದನು. ತ್ರಿವೇಣಿಯವರ ಕಥೆಗೆ ಇಲ್ಲಿ ಬಲ ಬರುತ್ತದೆ. ಹಿಂದಿರುಗಿದ ಕಾವೇರಿಯನ್ನು ಮನೆ ಹಿಂದಿನಂತೆ ಬರಮಾಡಿಕೊಳ್ಳುವುದಿಲ್ಲ. ಅವಳು ನಕ್ಕರೆ ಅನುಮಾನ, ಸಿಡುಕಿದರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚಿನ ಅನುಮಾನ. ಎಲ್ಲ ಹೆಂಗಸರಿಗೂ ಬರುವ ಕೋಪ ಅವಳಿಗೆ ಬಂದರೆ ಅದು ರೋಗಲಕ್ಷಣ. ಗಂಡನ ಮನಸ್ಸು ಬೇರೊಬ್ಬಳ ಕಡೆ ಹೋಗಿದೆ. ವೈದ್ಯರು ಗುಣವಾಗಿದೆಯೆಂದು ಹೇಳಿದ್ದನ್ನು ಒಪ್ಪದವರು ಲೋಕದವರು. ಅವರು ಒಪ್ಪದ ಕಾರಣದಿಂದಲೇ ಅವಳು ಮತ್ತೆ ಮುರಿದು ಆಸ್ಪತ್ರೆಗೆ ಮರಳುತ್ತಾಳೆ.

ಗ್ರಂಥದ ಹೆಸರನ್ನು ಸುಮ್ಮನೆ ಒಂದು ರೂಪಕವೆಂದು ಬಿಡುವುದು ರೂಢಿ. ನನಗೆ ಅದು ಖಾಂಡವದಹನವನ್ನು ನೆನಪಿಗೆ ತರುತ್ತದೆ. ಇಂದ್ರನು ಸುರಿಸಿದ ಮಳೆ ಒಳಕ್ಕೆ ಬೀಳದಂತೆ ಅರ್ಜುನನು ಆ ವನದ ಮೇಲೆ ಬಾಣಗಳ ಚಪ್ಪರವನ್ನೇ ಕಟ್ಟಿದನು. ಹೊರಗಿನಿಂದ ನೋಡಿದವರಿಗೆ ಅದು ರಕ್ಷಣೆ. ಒಳಗಿದ್ದ ಪ್ರಾಣಿಗಳಿಗೆ ಮಳೆಯೂ ಇಲ್ಲ, ಹೊರಬರುವ ದಾರಿಯೂ ಇಲ್ಲ. ಕಾವೇರಿಯ ಸುತ್ತ ಕಟ್ಟಿದ ಪಂಜರವೂ ಇಂಥದು. ಅವಳ ಮೇಲೆ ಕಣ್ಣಿಟ್ಟವರು ತಾವು ಕಾಯುತ್ತಿದ್ದೇವೆಂದೇ ತಿಳಿದಿದ್ದಾರೆ. ಅವಳಿಗೆ ಆಯಾಸವಾಗಬಾರದೆಂದು, ಮಗುವಿಗೆ ಅಪಾಯವಾಗಬಾರದೆಂದು, ಮನೆಯ ಮಾನ ಹೋಗಬಾರದೆಂದು ಎಸೆದ ಒಂದೊಂದು ನೋಟವೂ ಒಂದೊಂದು ಬಾಣ. ಲೇಖಕಿಯು ಯಾರನ್ನೂ ರಾಕ್ಷಸರನ್ನಾಗಿ ಮಾಡಿಲ್ಲವೆಂಬುದು ಈ ಕೃತಿಯ ದೊಡ್ಡ ಗುಣ. ನಮ್ಮ ನೆರೆಯವರಂಥ, ನಮ್ಮಂಥ ಜನ ಅವರು.

ಇಲ್ಲಿ ಹೊರದೇಶದ ಒಂದು ಕೃತಿಯನ್ನು ಹೋಲಿಕೆಗಾಗಿ ಎತ್ತಬಹುದು. ಅಮೆರಿಕಾದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬಾಕೆ 1892ರಲ್ಲಿ ಪ್ರಕಟಿಸಿದ ‘ಹಳದಿ ಗೋಡೆಕಾಗದ’ವೆಂಬ ಸಣ್ಣ ಕಥೆ ಪ್ರಸಿದ್ಧವಾಗಿದೆ. ತನ್ನ ಮಗಳು ಹುಟ್ಟಿದ ಮೇಲೆ ಲೇಖಕಿಗೆ ತೀವ್ರವಾದ ವಿಷಾದ ಬಂದಿತ್ತು. ವೀರ್ ಮಿಚೆಲ್ ಎಂಬ ದೊಡ್ಡ ವೈದ್ಯನು ಪೂರ್ಣ ವಿಶ್ರಾಂತಿಯನ್ನು ವಿಧಿಸಿ, ಬರೆಯುವುದನ್ನೇ ಬಿಡಬೇಕೆಂದಿದ್ದನು. ಕಥೆಯ ಬಾಣಂತಿಯನ್ನು ವೈದ್ಯನಾದ ಗಂಡನು ಪ್ರೀತಿಯಿಂದಲೇ ಒಂದು ಕೋಣೆಯಲ್ಲಿರಿಸುತ್ತಾನೆ; ಅವಳು ಗೋಡೆಯ ಕಾಗದದ ಚಿತ್ತಾರವನ್ನು ನೋಡುತ್ತ ನೋಡುತ್ತ ಮತಿಗೆಡುತ್ತಾಳೆ. ಎರಡು ಕೃತಿಗಳಲ್ಲಿಯೂ ಉಪಚಾರವೇ ಬಂಧನ. ಆದರೆ ಗಿಲ್ಮನ್ನಳ ನಾಯಿಕೆಯು ಒಂಟಿ. ಅವಳನ್ನು ನೋಡಲು ಊರು ಇಲ್ಲ. ನಮ್ಮ ಕಾವೇರಿಗೆ ಒಂಟಿತನದ ಭಾಗ್ಯವೂ ಇಲ್ಲ. ಕತ್ತಲೆಯ ಕೋಣೆಗಿಂತ ಜನ ತುಂಬಿದ ಹಜಾರವೇ ಹೆಚ್ಚು ಕೊಲ್ಲುತ್ತದೆಂಬುದನ್ನು ಬರೆಯಲು ನಮ್ಮ ದೇಶದ ಹೆಂಗಸೇ ಬೇಕಾಗಿತ್ತು.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪಣೆಯನ್ನೂ ಹೇಳಲೇಬೇಕು. ಪುಟ್ಟಣ್ಣ ಕಣಗಾಲರು 1970ರ ದಶಕದ ಆದಿಯಲ್ಲಿ ಈ ಕಥೆಯನ್ನು ಚಿತ್ರವಾಗಿ ತೆಗೆದರು. ಕಲ್ಪನಾ ಅವರ ಅಭಿನಯದಿಂದ ಅದು ಮನೆಮಾತಾಯಿತು. ಚಿತ್ರದಲ್ಲಿ ಕಾವೇರಿಯ ರೋಗಕ್ಕೆ ಮದುವೆಗೆ ಹಿಂದಿನ ಒಂದು ಕಹಿಯಾದ ಅನುಭವವು ಬೀಜವೆಂಬಂತೆ ತೋರುತ್ತದೆ. ಮನಸ್ಸಿನ ಹಳೆಯ ಗಾಯವು ಹೆರಿಗೆಯ ಕಾಲದಲ್ಲಿ ಬಾಯಿಬಿಡುವುದು ಅಸಂಭವವಲ್ಲ. ಆದರೆ ಪ್ರೇಕ್ಷಕನ ಬುದ್ಧಿಯು ಈ ಎಳೆಯನ್ನು ಹಿಡಿದುಕೊಂಡು, ಬಾಣಂತಿಗೆ ಹುಚ್ಚು ಬಂದರೆ ಅವಳ ಹಿಂದಿನ ಜೀವನದಲ್ಲಿ ಏನೋ ಇರಬೇಕೆಂದು ಹುಡುಕಲು ಹೊರಡುತ್ತದೆ. ಹಾಗೆ ಹುಡುಕುವವರಿಗೆ ನಮ್ಮ ಹಳ್ಳಿಗಳಲ್ಲಿ ಕೊರತೆಯಿಲ್ಲ. ನಿಜಸ್ಥಿತಿಯೇ ಬೇರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಯ ಶರೀರದ ಹಾರ್ಮೋನುಗಳು ಥಟ್ಟನೆ ಇಳಿಯುವುದು, ನಿದ್ದೆಗೇಡು, ವಂಶದಲ್ಲಿರುವ ಮನೋರೋಗದ ಪ್ರವೃತ್ತಿ, ಇವು ಸೇರಿದರೆ ಸಾಕು. ಯಾವ ಕಳಂಕವೂ ಇಲ್ಲದ, ಯಾವ ದುಃಖವೂ ಇಲ್ಲದ ಹೆಣ್ಣಿಗೂ ಉನ್ಮಾದ ಬರಬಹುದು. ಸಾವಿರ ಹೆರಿಗೆಗಳಲ್ಲಿ ಒಂದೆರಡಕ್ಕೆ ಅದು ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ.

ಎರಡನೆಯ ಆಕ್ಷೇಪಣೆ ಕಥೆಯ ಮುಕ್ತಾಯದ ಮೇಲೆ. ಕಾವೇರಿಯು ಮತ್ತೆ ಆಸ್ಪತ್ರೆಗೆ ಹೋಗುವುದು ಕಲೆಯ ದೃಷ್ಟಿಯಿಂದ ನಿರ್ದುಷ್ಟ. ಆದರೆ ಓದುವ ಮನೆಗಳಲ್ಲಿ ಅದರ ಪರಿಣಾಮವೇನು? ಈ ಕಾಯಿಲೆ ಒಮ್ಮೆ ಬಂದರೆ ಬಿಡದೆಂಬ ಮೂಢನಂಬಿಕೆಗೆ ಅದು ಅರಿಯದೆಯೇ ಸಾಕ್ಷಿ ಹೇಳುತ್ತದೆ. ಮನೋರೋಗಗಳಲ್ಲೆಲ್ಲ ಬೇಗ ಗುಣವಾಗುವವುಗಳಲ್ಲಿ ಬಾಣಂತಿಯ ಉನ್ಮಾದವೂ ಒಂದು. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚೆಂಬುದು ನಿಜ. ಮೊದಲೇ ವೈದ್ಯರಿಗೆ ತಿಳಿಸಿದ್ದರೆ ಅದಕ್ಕೂ ಎಚ್ಚರಿಕೆ ವಹಿಸಬಹುದು. ತ್ರಿವೇಣಿಯವರು ಬರೆದ ಕಾಲಕ್ಕೆ ಇದನ್ನು ಬಯಸುವುದು ಅನುಚಿತವೆಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ನನ್ನ ಆಕ್ಷೇಪಣೆ ಅವರ ಮೇಲಲ್ಲ. ಅರುವತ್ತು ವರ್ಷಗಳಿಂದ ಆ ಒಂದೇ ಕಥೆಯ ಮೇಲೆ ಎಲ್ಲ ಭಾರವನ್ನೂ ಹಾಕಿ ಕುಳಿತಿರುವ ನಮ್ಮ ಮೇಲೆ. ಹುಚ್ಚೆದ್ದು ನಗುವ ಕಾವೇರಿಯನ್ನು ಎಲ್ಲರೂ ಬಲ್ಲರು. ನಗದೆಯೂ ಅಳದೆಯೂ ಗೋಡೆಯ ಕಡೆ ಮುಖ ಮಾಡಿ ಮಲಗಿ, ಕರೆದಾಗ ಎದ್ದು ಹಾಲೂಡಿಸಿ, ಮತ್ತೆ ಮಲಗುವ ಬಾಣಂತಿಯನ್ನು ಯಾರು ಬರೆದಿದ್ದಾರೆ? ಸನ್ನಿಯು ಸಾವಿರಕ್ಕೊಂದಾದರೆ ಈ ವಿಷಾದವು ನಮ್ಮ ದೇಶದಲ್ಲಿ ಸುಮಾರು ಐವರು ಬಾಣಂತಿಯರಲ್ಲಿ ಒಬ್ಬಳಿಗೆ ಬರುತ್ತದೆಂದು ಅಧ್ಯಯನಗಳು ಹೇಳುತ್ತವೆ. ಬಸುರಿನಲ್ಲಿಯೇ ಆರಂಭವಾಗುವುದೂ ಉಂಟು. ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬಂದು ಹತ್ತು ಹದಿನೈದು ದಿನದೊಳಗೆ ತಾನೇ ನಿಲ್ಲುವುದು ಬೇರೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಆಗುತ್ತದೆ. ವಾರಗಳು ತಿಂಗಳುಗಳಾದರೂ ಬಿಡದ ಇದು ಬೇರೆ. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಂಡನ ಹೊಡೆತಕ್ಕೂ, ಹೆಣ್ಣುಮಗು ಹುಟ್ಟಿದ್ದಕ್ಕೂ ಈ ವಿಷಾದದೊಡನೆ ಸಂಬಂಧ ಕಂಡಿತು. ಕುಮಾರೋದಯದ ವರ್ಣನೆಯನ್ನು ವಿಧಿಸಿದ ನಾಡಿನಲ್ಲಿ ಕುಮಾರಿಯು ಉದಯಿಸಿದರೆ ಏನಾಗುವುದೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಾಗೆಂದು ಕಾಲವು ನಿಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ತಾಯಿ ಮಗುವಿಗೆಂದೇ ಪ್ರತ್ಯೇಕವಾದ ವಾರ್ಡನ್ನು ತೆರೆಯಿತು. ಭರತಖಂಡದಲ್ಲಿ ಇದು ಮೊದಲನೆಯದು. ರೋಗಿಯಾದ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳದೆ, ಅದರೊಡನೆಯೇ ಇರಿಸಿಕೊಂಡು ಚಿಕಿತ್ಸೆ ಮಾಡುತ್ತಾರೆ. ಅವಳ ಕೈಗೆ ಮಗುವನ್ನು ಎತ್ತಿಕೊಳ್ಳುವ ಧೈರ್ಯ ಮರಳಿ ಬರುವ ತನಕ ಜೊತೆಗಿರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮೂರು ವರ್ಷಕ್ಕಿಂತ ಚಿಕ್ಕ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದೂ, ಅಪಾಯವೆಂದು ಅಗಲಿಸಿದರೂ ಆ ನಿರ್ಧಾರವನ್ನು ಹದಿನೈದು ದಿನಗಳಿಗೊಮ್ಮೆ ಮತ್ತೆ ಪರಿಶೀಲಿಸಬೇಕೆಂದೂ ವಿಧಿಸಿದೆ. ಕಾವೇರಿಯ ಕಾಲದಲ್ಲಿ ಇದು ಇದ್ದಿದ್ದರೆ ಆ ಕಾದಂಬರಿಯ ಎರಡನೆಯ ಭಾಗವು ಬೇರೆಯಾಗುತ್ತಿತ್ತೋ ಏನೋ. ಎಡಿನ್‌ಬರೋದಲ್ಲಿ ಸಿದ್ಧಪಡಿಸಿ 1987ರಲ್ಲಿ ಪ್ರಕಟಿಸಿದ ಹತ್ತು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿಯು ಕನ್ನಡಕ್ಕೂ ಬಂದಿದೆ. ಅದರಲ್ಲಿ ಮೊದಲನೆಯದು ಬಾಣಂತಿಗೆ ನಗಲು ಸಾಧ್ಯವಾಗುತ್ತಿದೆಯೇ ಎಂಬುದು, ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ನಮ್ಮ ಊರಿನಿಂದ ಬೆಂಗಳೂರು ನೂರು ಮೈಲಿಯ ಮಾತು. ಅಷ್ಟು ದೂರ ಹೋಗಲಾಗದವರು 14416 ಎಂಬ ಸಂಖ್ಯೆಗೆ ಫೋನು ಮಾಡಿ ಮನೋವೈದ್ಯರ ಸಲಹೆಯನ್ನು ಕನ್ನಡದಲ್ಲಿಯೇ ಪಡೆಯಬಹುದು. ‘ಟೆಲಿ ಮಾನಸ್’ ಎಂಬ ಈ ಸರಕಾರದ ವ್ಯವಸ್ಥೆಯು 2022ರಲ್ಲಿ ಆರಂಭವಾಯಿತು. ಮನೆಯಲ್ಲಿ ಬಾಣಂತಿಯಿರುವ ವಾಚಕರು ಇದನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಂಡರೆ ಲೇಖನದ ಉಳಿದ ಭಾಗವನ್ನು ಮರೆತರೂ ಬಾಧಕವಿಲ್ಲ.

ತ್ರಿವೇಣಿಯವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಬಾಣಂತಿಯ ವಿಷಯವಾಗಿ ಅವರು ಇನ್ನೇನು ಬರೆಯುತ್ತಿದ್ದರೆಂಬುದನ್ನು ಊಹಿಸುವುದು ವ್ಯರ್ಥ.

ವ್ಯರ್ಥವಲ್ಲದ ಕೆಲಸವೊಂದು ನಮ್ಮ ಕೈಯಲ್ಲಿದೆ. ನಮ್ಮ ಸಂಘದವರು ಹಳ್ಳಿಗಳಲ್ಲಿ ಹಾಡುಗಳನ್ನು ಸಂಗ್ರಹಿಸುತ್ತಿರುವುದಷ್ಟೆ. ಬಸುರಿ ಬಯಕೆಯ ಹಾಡುಗಳು ಬೇಕಾದಷ್ಟು ಸಿಕ್ಕಿವೆ. ಸೀಮಂತಕ್ಕೆ ಮುತ್ತೈದೆಯರು ಸೇರಿ ಹಾಡುವವು ಅವು, ಹಾಡುವವಳು ಬಸುರಿಯಲ್ಲ. ಬಾಣಂತಿಯು ತಾನೇ ಹಾಡುವುದು ಜೋಗುಳವೊಂದನ್ನೇ. ಅದನ್ನು ನಾವು ಮಗುವಿನ ಹಾಡೆಂದು ಬೇರೆ ಕಟ್ಟಿನಲ್ಲಿ ಇಟ್ಟಿದ್ದೇವೆ. ಆದರೆ ಜೋಗುಳವನ್ನು ಕೇಳುವ ಮಗುವಿಗೆ ಮಾತು ತಿಳಿಯದು. ಆದ್ದರಿಂದಲೇ ತಾಯಿಯು ಅದರ ಮುಂದೆ ಅತ್ತೆಯ ಮಾತನ್ನೂ, ಬಾರದ ಗಂಡನನ್ನೂ, ತವರಿನ ದಾರಿಯನ್ನೂ ಅಂಜಿಕೆಯಿಲ್ಲದೆ ಹೇಳಿಕೊಳ್ಳುತ್ತಾಳೆ. ತೊಟ್ಟಿಲ ರಾಗದ ಒಳಗೆ ಬಾಯಿಗೆ ಬಂದದ್ದನ್ನು ಸೇರಿಸಿಕೊಂಡು ಹಾಡುವವರು ಈ ಕಡೆ ತೆಲುಗಿನ ಲಾಲಿಯಲ್ಲಿಯೂ ಇದ್ದಾರೆ. ಅಂಥ ಸಾಲುಗಳು ನಮ್ಮ ಸಂಗ್ರಹಗಳಲ್ಲಿ ಕಡಿಮೆ. ಪಾಠ ಕೆಟ್ಟಿದೆಯೆಂದು ಬಿಟ್ಟುಬಿಡುವುದು ವಾಡಿಕೆ. ಮುಂದಿನ ತಿಂಗಳು ಕೊರಟಗೆರೆಯ ಕಡೆಗೆ ಹೊರಡುವ ತರುಣ ಮಿತ್ರರು ಅವುಗಳನ್ನು ಬಿಡದೆ ಬರೆದುಕೊಳ್ಳಲಿ. ಹಾಡಿದವಳ ಊರು, ವಯಸ್ಸುಗಳ ಜೊತೆಗೆ, ಆ ಹಾಡನ್ನು ಅವಳು ಕಟ್ಟಿಕೊಂಡದ್ದು ಎಷ್ಟನೆಯ ಹೆರಿಗೆಯಲ್ಲಿ, ಹೆತ್ತು ಎಷ್ಟು ದಿನಕ್ಕೆ, ತವರಿನಲ್ಲಿಯೋ ಗಂಡನ ಮನೆಯಲ್ಲಿಯೋ ಎಂಬುದನ್ನೂ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಳ್ಳಲಿ.